ಸಹಾಯ ಬೇಕು: ಸಾಲ ಇರುವಾಗ ದಶಮಾಂಶ ಹೇಗೆ ಕೊಡುತ್ತೀರಿ?

ಎಲ್ಲರಿಗೂ ಯೇಸುವಿನ ಹೆಸರಿನಲ್ಲಿ ವಂದನೆ. ಸಂಬಳ ಬಂದ ದಿನವೇ ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತರಲ್ಲಿ ಒಂದು ಪಾಲು, ಕವರ್‌ಗೆ ಹಾಕಿ ಬೈಬಲ್ ಒಳಗೆ ಇಡುತ್ತೇನೆ. ಈ ತಿಂಗಳು ಕವರ್ ಖಾಲಿ. ಪಕ್ಕದಲ್ಲೇ ಸಾಲದ ಕಂತಿನ ಚೀಟಿ. ಎರಡನ್ನೂ ನೋಡುತ್ತಾ ಕೂತಿದ್ದೇನೆ.

ಬೈಬಲ್‌ನಲ್ಲಿ ಮಲಾಕಿಯ 3:10 ದಶಮಾಂಶವನ್ನು ಪೂರ್ತಿ ತನ್ನಿ ಅನ್ನುತ್ತದೆ. ರೋಮಾಪುರ 13:8 ಯಾರ ಸಾಲವನ್ನೂ ಉಳಿಸಿಕೊಳ್ಳಬೇಡಿ ಅನ್ನುತ್ತದೆ. 2 ಕೊರಿಂಥ 9:7ರಲ್ಲಿ ಅಪೊಸ್ತಲ ಪೌಲ, ಒತ್ತಾಯಕ್ಕಲ್ಲ, ಸಂತೋಷದಿಂದ ಕೊಡಿ ಅಂತ ಬರೆದಿದ್ದಾನೆ. ಆ ಸಂತೋಷವೇ ಈಗ ನನ್ನಲ್ಲಿಲ್ಲ, ಅದೇ ಜಾಸ್ತಿ ನೋವು. ದುಡ್ಡೆಲ್ಲ ದೇವರದ್ದು, ನಾವು ಬರೀ ಅದನ್ನು ನೋಡಿಕೊಳ್ಳುವ ಮನೆವಾರ್ತೆಯವರು ಅಲ್ವಾ? ಹಾಗಾದರೆ ಸಾಲ ತೀರಿಸುವುದೂ ನಂಬಿಗಸ್ತಿಕೆಯೇ ತಾನೇ?

ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ. ಸಾಲ ತೀರುವವರೆಗೆ ಕಾಣಿಕೆ ಕಡಿಮೆ ಮಾಡಿದಿರಾ, ಇಲ್ಲ ಖರ್ಚು ಹಿಡಿದು ಎರಡನ್ನೂ ನಡೆಸಿದಿರಾ? ಪಾಸ್ಟರ್ ಹತ್ತಿರ ಹೇಗೆ ಮಾತಾಡಿದಿರಿ?