ಸುಮಾಳ ಕಾರು, ರಘು ಕಾಕಾನ ಫಾರ್ವರ್ಡ್

ನಮ್ಮದು ಧಾರವಾಡದ ಮನೆತನ. ಈಗ ಹೆಚ್ಚಿನವರು ಪುಣೆಯಲ್ಲಿದ್ದೇವೆ, ಒಂದು ಮನೆ ಡೊಂಬಿವಲಿಯಲ್ಲಿ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಹೋದ ಭಾನುವಾರ ನಡೆದ ಮಾತು ಇದು. ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಹಾಕುತ್ತಿದ್ದೇನೆ. ಪುಣೆಯ ಎಷ್ಟೋ ಮನೆಗಳಲ್ಲಿ ಈಗ ಇದೇ ಪ್ರಶ್ನೆ ಎದ್ದಿದೆ. ಸುಮಾ ಶುಕ್ರವಾರವೇ ಕೇಳಿದ್ದಳು: ‘ಹಳೇ ಡೀಸೆಲ್ ಕಾರು ಕೊಟ್ಟು ಹೊಸದು ತಗೋಬೇಕು. ಎಲೆಕ್ಟ್ರಿಕ್ಕೋ ಹೈಬ್ರಿಡ್ಡೋ?’ (ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟರ್ ಕೂಡ ಇರುವ ಕಾರು.) ಅದಕ್ಕೆ ಬಂದದ್ದು ಬರೀ ಹೆಬ್ಬೆರಳುಗಳು. ಭಾನುವಾರ ಬೆಳಿಗ್ಗೆ ರಘು ಕಾಕಾ ಇದನ್ನು ಹಾಕಿದರು. ಮಾತಿಗೆ ಸೇರಿದವರಲ್ಲಿ ಇಂದಿರಾ ಅತ್ಯಾ ನಮ್ಮ ಸೋದರತ್ತೆ, ವಿನಯ ಕಾಕಾನ ಅಣ್ಣನ ಮಗ.

ರಘು ಕಾಕಾ (ಫಾರ್ವರ್ಡ್): ಎಲೆಕ್ಟ್ರಿಕ್ ಕಾರು ಕೊಳ್ಳುವ ಮುಂಚೆ ಓದಿ!! ಮಳೆಯಲ್ಲಿ ನಿಂತಿದ್ದ ಎಲೆಕ್ಟ್ರಿಕ್ ಗಾಡಿ ಸುಟ್ಟು ಬೂದಿ, ವಿಡಿಯೋ ನೋಡಿ. 5 ವರ್ಷಕ್ಕೆ ಬ್ಯಾಟರಿ ಸಾಯುತ್ತದೆ. ಅದಕ್ಕೇ ಸರ್ಕಾರ ಹೈಬ್ರಿಡ್ ಕಾರಿಗೆ ರಸ್ತೆ ತೆರಿಗೆ ಪೂರ್ತಿ ಮಾಫಿ ಮಾಡಿದೆ. ಬುದ್ಧಿವಂತರು ಹೈಬ್ರಿಡ್ ಕೊಳ್ಳುತ್ತಾರೆ. 10 ಜನರಿಗೆ ಕಳಿಸಿ.

ರಘು ಕಾಕಾ: ಸುಮಾ, ನೋಡು.

ಇಂದಿರಾ ಅತ್ಯಾ: 🙏 ಸರಿಯಾದ ಹೊತ್ತಿಗೆ ಹಾಕಿದಿ ರಘು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ವಿನಯ: ಕಾಕಾ, ಇದು ಎಲ್ಲಿಂದ ಬಂತು? ಯಾವ ಸರ್ಕಾರ? ಯಾವ ತಾರೀಖು?

ರಘು ಕಾಕಾ: ನಮ್ಮ ನಿವೃತ್ತರ ಗುಂಪಿನಲ್ಲಿ ಬಂತು. ಎಲ್ಲರೂ ಎಂಜಿನಿಯರುಗಳೇ.

ವಿನಯ: ವಿಡಿಯೋ ಪೂರ್ತಿ ನೋಡಿದಿರಾ? ಅದರಲ್ಲಿ ಸುಡುತ್ತಿರುವುದು ಸ್ಕೂಟರ್. 2022ರ ಮಾರ್ಚ್‌ನಲ್ಲಿ ನಮ್ಮ ಲೋಹಗಾಂವ್‌ನಲ್ಲಿ ಆದದ್ದು. ಮಾರ್ಚ್‌ನಲ್ಲಿ ಪುಣೆಗೆ ಎಲ್ಲಿಯ ಮಳೆ? ತೆರಿಗೆ ಮಾಫಿ ಮಾಡಿದ್ದು ಉತ್ತರ ಪ್ರದೇಶ, 2024ರ ಜುಲೈನಲ್ಲಿ. ಸುಮಾ ಗಾಡಿ ನೋಂದಣಿ ಮಾಡಿಸುವುದು ಪುಣೆಯಲ್ಲಿ. ಅವಳಿಗೇನು ಬಂತು ಅದರಿಂದ?

ರಘು ಕಾಕಾ: ವಸಯಿಯಲ್ಲಿ ಕಾರೂ ಸುಟ್ಟಿತ್ತು. ಅದೂ ಸುಳ್ಳೇ?

ವಿನಯ: ಅದು ನಿಜ. 2022ರ ಜೂನ್. ಆ ವರ್ಷ ಆದ ಬೆಂಕಿಗಳ ಮೇಲೆಯೇ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿ ಮಾಡಿತು. ಮೊದಲ ಹಂತ 2022ರ ಡಿಸೆಂಬರ್, ಎರಡನೆಯದು 2023ರ ಮಾರ್ಚ್ ಕೊನೆ. ಬ್ಯಾಟರಿಗೆ ಸಾಮಾನ್ಯವಾಗಿ ಕಂಪನಿಯವರೇ 8 ವರ್ಷ ಇಲ್ಲವೇ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ. 5 ವರ್ಷಕ್ಕೆ ಸಾಯುವುದಾದರೆ ಯಾರು ಕೊಡುತ್ತಿದ್ದರು?

ರಘು ಕಾಕಾ: ನಿನಗೆ ನನ್ನ ಮಾತು ಯಾವತ್ತು ಹಿಡಿಸಿದೆ? ಅಣ್ಣನ ಮೊಣಕಾಲು ಆಪರೇಷನ್ ಹೊತ್ತಿಗೂ ಹೀಗೇ, ಎಲ್ಲದಕ್ಕೂ ಪುರಾವೆ ಪುರಾವೆ ಅಂತಿದ್ದಿ.

ವಿನಯ: ಆಪರೇಷನ್ ಚೆನ್ನಾಗೇ ಆಯಿತಲ್ಲ ಕಾಕಾ.

ಇಂದಿರಾ ಅತ್ಯಾ: ವಿನಯ, ಹಿರಿಯರ ಜೊತೆ ಮಾತಾಡುವ ರೀತಿ ಇದಲ್ಲ. ಕಾಕಾ ಒಳ್ಳೆಯದಕ್ಕೇ ಹೇಳಿದ. ಅಲ್ಲಾ ಸುಮಾ, ಇರುವ ಕಾರಿಗೆ ಏನಾಗಿದೆ? ಸಾಲ ಮಾಡಿ ಹೊಸದು ಯಾಕೆ? ನಾವು ಎಂಟು ಮಂದಿ ಒಂದು ಕಾರಿನಲ್ಲಿ ಧಾರವಾಡಕ್ಕೆ ಹೋಗಿ ಬರುತ್ತಿದ್ದೆವು.

ಇಷ್ಟು ಸಾಕಾಯಿತು ಪ್ರಸಾದನಿಗೆ. ಅವನು ಅತ್ಯಾನ ಮಗ, ಡೊಂಬಿವಲಿಯಲ್ಲಿರುತ್ತಾನೆ.

ಪ್ರಸಾದ: ಅಯ್ಯೋ, ಅಜ್ಜನ ಪ್ರೀಮಿಯರ್ ಪದ್ಮಿನಿ!! ಕುರ್ಲಾ ಫ್ಯಾಕ್ಟರಿಯ ಗಾಡಿ. ಗೇರ್ ಸ್ಟೇರಿಂಗ್ ಪಕ್ಕದಲ್ಲೇ ಇತ್ತು. ಮುಂದಿನ ಸೀಟು ಉದ್ದಕ್ಕೆ ಒಂದೇ, ನಾನು ಅಜ್ಜನಿಗೂ ಅಪ್ಪನಿಗೂ ನಡುವೆ. ಖಂಬಾಟ್ಕಿ ಘಾಟಿನಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಎಲ್ಲರೂ ಇಳಿದು, ಒದ್ದೆ ಬಟ್ಟೆ ಹಿಡಿದು ಮುಚ್ಚಳ ತೆಗೆದು ನೀರು ಹಾಕುವುದು. ಅಷ್ಟರಲ್ಲಿ ನಮಗೆ ಡಬ್ಬಿಯ ಚಕ್ಕುಲಿ, ಕರದಂಟು. ಮತ್ತೆ ಕಿತ್ತೂರಿನಲ್ಲಿ ಚಹಾ.

ಇಂದಿರಾ ಅತ್ಯಾ: ಕುದಿಯುತ್ತಿದ್ದದ್ದು ಕಾತ್ರಜ್ ಘಾಟಿನಲ್ಲಿ. ಖಂಬಾಟ್ಕಿ ತನಕ ಎಲ್ಲಿ ತಡೆಯುತ್ತಿತ್ತು ಅದು!

ರಘು ಕಾಕಾ: ಎರಡೂ ಕಡೆ ಕುದಿಯುತ್ತಿತ್ತು. ನೀರು ಹಾಕುತ್ತಿದ್ದವನು ನಾನು.

ಪ್ರಸಾದ: ಅಂದ ಹಾಗೆ ಎಲೆಕ್ಟ್ರಿಕ್ ಕಾರು ನಾವು ಕನ್ನಡದವರು ಎಂದೋ ನೋಡಿದ್ದೇವೆ. ರೇವಾ! 2001ರಲ್ಲೇ ಬೆಂಗಳೂರಿನಲ್ಲಿ ಬಂದಿತ್ತು. ಎರಡೇ ಬಾಗಿಲು. ಜಯನಗರದಲ್ಲಿ ಒಬ್ಬರು ಕಿಟಕಿಯಿಂದ ವೈರ್ ಬಿಟ್ಟು ಚಾರ್ಜ್ ಮಾಡುತ್ತಿದ್ದರು, ನಾವು ನಿಂತು ನೋಡುತ್ತಿದ್ದೆವು.

ವಿನಯ: ಪದ್ಮಿನಿ ಮಾರಿದ್ದು ಯಾರು ಅಂತಲೂ ಹೇಳಿಬಿಡು ಪ್ರಸಾದ.

ಇಂದಿರಾ ಅತ್ಯಾ: ಅದು ಮುಗಿದ ಮಾತು.

ರಘು ಕಾಕಾ: ಮುಗಿದಿಲ್ಲ ಅಂತ ಕಾಣುತ್ತದೆ. ಮಾರಿದ ದುಡ್ಡು ಅಜ್ಜಿಯ ಕಣ್ಣಿನ ಆಪರೇಷನ್‌ಗೆ ಹೋಯಿತು. ರಸೀದಿ ಇನ್ನೂ ನನ್ನ ಕಪಾಟಿನಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು.

ವಿನಯ: ನಾನು ದುಡ್ಡಿನ ಮಾತು ಎತ್ತಿಲ್ಲ. ಯಾರನ್ನೂ ಕೇಳದೆ ಮಾರಿದಿರಿ ಅಂದೆ. ಈಗಲೂ ಅದೇ ಆಗುತ್ತಿದೆ. ಹೋದ ವರ್ಷ ನಾನು ಚಾರ್ಜಿಂಗ್ ಪಾಯಿಂಟ್‌ಗೆ ಅರ್ಜಿ ಹಾಕಿದಾಗ ಸೊಸೈಟಿ ಕಮಿಟಿಯಲ್ಲಿ ಬೇಡ ಅಂದವರು ಯಾರು? ಸ್ವಂತ ಅಣ್ಣನ ಮಗ ಅಂತಲೂ ನೋಡಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಈಗ ಸುಮಾಗೂ ಈ ವಿಡಿಯೋ.

ಇಬ್ಬರೂ ಒಂದೇ ಸೊಸೈಟಿಯಲ್ಲಿ, ಅಂದರೆ ಒಂದೇ ಅಪಾರ್ಟ್‌ಮೆಂಟ್‌ನಲ್ಲಿದ್ದಾರೆ, ಕಾಕಾ ಎರಡನೇ ಮಹಡಿ, ವಿನಯ ಐದನೆಯದು. ಅರ್ಜಿಯ ಈ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ. ಗುಂಪು ತುಂಬಾ ಹೊತ್ತು ಸುಮ್ಮನಿತ್ತು. ಅತ್ಯಾ ಏನೋ ಬರೆದು ಅಳಿಸಿದರು. ಕೊನೆಗೆ ನಾನೇ ಬರೆದೆ.

ನಾನು: ಕಾಕಾ, ವಿನಯ, ನಿಮ್ಮಿಬ್ಬರದು ಆಮೇಲೆ ಆಗಲಿ. ಸುಮಾ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸುಮಾ, ಎರಡು ಹೇಳು. ದಿನಾ ಎಷ್ಟು ಓಡುತ್ತದೆ? ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ಸುಮಾ: ಕೋಥ್ರೂಡಿನಿಂದ ಹಿಂಜೆವಾಡಿ. ಹೋಗಿ ಬರೋದು 40 ಕಿ.ಮೀ. ಒಳಗೆ, ಚಾಂದಣಿ ಚೌಕದಲ್ಲಿ ಸಿಕ್ಕಿಕೊಂಡರೆ ಹೊತ್ತು ಮಾತ್ರ ಜಾಸ್ತಿ. ಯುಗಾದಿ, ದೀಪಾವಳಿ, ಬೇಸಿಗೆ ರಜೆಗೆ ಧಾರವಾಡ. ಅತ್ತೆಯವರ ಮಗಳ ಮನೆಗೆ ಆಗಾಗ ಠಾಣೆ. ಪಾರ್ಕಿಂಗ್ ಅಂದರೆ ನಮ್ಮದು ಹಳೇ ಸೊಸೈಟಿ, ಜಾಗ ಗೊತ್ತುಮಾಡಿಲ್ಲ. ಮೊದಲು ಬಂದವರಿಗೆ ಒಳಗೆ, ಉಳಿದವರು ರಸ್ತೆಯಲ್ಲಿ.

ನಾನು: ಹಾಗಾದರೆ ಇದೇ ಮೊದಲ ಪ್ರಶ್ನೆ. ದಿನಕ್ಕೆ 40 ಕಿ.ಮೀ. ಅಂದರೆ 6–7 ಯೂನಿಟ್. 15 ಆಂಪ್ ಸಾಕೆಟ್‌ನಲ್ಲಿ ಎರಡೂವರೆ ಗಂಟೆ ಸಾಕು. ಆದರೆ ಆ ಸಾಕೆಟ್ ನಿನ್ನ ಕಾರಿನ ಪಕ್ಕದಲ್ಲಿರಬೇಕು. ವರ್ಷಕ್ಕೆ 12,000 ಕಿ.ಮೀ. ಹಿಡಿ. ಹೈಬ್ರಿಡ್ ಲೀಟರಿಗೆ 20 ಕೊಟ್ಟು ಪೆಟ್ರೋಲ್ 104 ರೂಪಾಯಿ ಇದ್ದರೆ ವರ್ಷಕ್ಕೆ 62,000. ಎಲೆಕ್ಟ್ರಿಕ್‌ಗೆ ಮನೆಯ ಕರೆಂಟು ಯೂನಿಟ್‌ಗೆ 10 ರೂಪಾಯಿ ಹಿಡಿದರೂ 21,000ದ ಹತ್ತಿರ. ಮನೆಯಲ್ಲಿ ಚಾರ್ಜ್ ಆಗದೆ ಬರೀ ಹೊರಗಿನ ಫಾಸ್ಟ್ ಚಾರ್ಜರ್‌ಗೆ ಹೋದರೆ, ಅಲ್ಲಿ ಯೂನಿಟ್‌ಗೆ 22 ಅಂದುಕೋ, 46,000 ದಾಟುತ್ತದೆ. ಜೊತೆಗೆ ವಾರಕ್ಕೊಮ್ಮೆ ಅಲ್ಲಿ ಹೋಗಿ ಕಾಯಬೇಕು.

ಇಂದಿರಾ ಅತ್ಯಾ: ಹೈಬ್ರಿಡ್‌ಗೂ ಪ್ಲಗ್ ಹಾಕಬೇಕಲ್ಲ?

ನಾನು: ಬೇಡ ಅತ್ಯಾ. ಅವಳು ನೋಡುತ್ತಿರುವ ಕಾರುಗಳಿಗೆ ಪ್ಲಗ್ಗೇ ಇಲ್ಲ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬ್ಯಾಟರಿ 0.76 ಯೂನಿಟ್‌ನದು. ನೆಕ್ಸಾನ್ ಎಲೆಕ್ಟ್ರಿಕ್‌ನ ದೊಡ್ಡ ಬ್ಯಾಟರಿ 45 ಯೂನಿಟ್‌ನದು. ಹೈಬ್ರಿಡ್ಡಿನ ಚಿಕ್ಕ ಬ್ಯಾಟರಿ ಬ್ರೇಕ್ ಹಾಕಿದಾಗ ಒಂದಿಷ್ಟು, ಎಂಜಿನ್ನಿಂದ ಒಂದಿಷ್ಟು ತುಂಬಿಕೊಳ್ಳುತ್ತದೆ. ನಿಧಾನದ ಟ್ರಾಫಿಕ್‌ನಲ್ಲಿ ಎಂಜಿನ್ ಆಫ್ ಆಗಿ ಮೋಟರ್ ಒಂದೇ ಎಳೆಯುತ್ತದೆ. ಅದಕ್ಕೇ ಚಾಂದಣಿ ಚೌಕದಂಥ ಕಡೆ ಅದಕ್ಕೆ ಒಳ್ಳೆ ಮೈಲೇಜು. ಸುಮಾ, ಒಂದು ಎಚ್ಚರ. ಶೋರೂಮಿನಲ್ಲಿ ಮೈಲ್ಡ್ ಹೈಬ್ರಿಡ್ಡನ್ನೂ ಹೈಬ್ರಿಡ್ ಅಂತಲೇ ತೋರಿಸುತ್ತಾರೆ. ಅದು ಬರೀ ಮೋಟರ್ ಮೇಲೆ ಓಡುವುದಿಲ್ಲ. ‘ಸ್ಟ್ರಾಂಗ್ ತಾನೆ?’ ಅಂತ ಕೇಳಿಯೇ ಬುಕ್ ಮಾಡು.

ವಿನಯ: ತೆರಿಗೆಯನ್ನೂ ನೋಡು. 2025ರ ಸೆಪ್ಟೆಂಬರ್ 22ರಿಂದ ಆ ಅಳತೆಯ ಹೈಬ್ರಿಡ್‌ಗೆ ಜಿಎಸ್‌ಟಿ 40%. ಎಲೆಕ್ಟ್ರಿಕ್‌ಗೆ 5%. ಮಹಾರಾಷ್ಟ್ರದ 2025ರ ನೀತಿಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಟೋಲ್ ಮಾಫಿ. ಪೆಟ್ರೋಲ್ ಕಾರಿಗೆ ಒಂದು ಕಡೆಗೆ 320 ರೂಪಾಯಿ. ಠಾಣೆಗೆ ಹೋಗುವವಳಿಗೆ ಅದು ಸಣ್ಣ ಮೊತ್ತ ಅಲ್ಲ. ಧಾರವಾಡಕ್ಕೆ ಹೋಗುವ ಸಾತಾರಾ ಕಡೆಯ ಹೆದ್ದಾರಿಯಲ್ಲಿ ಮಾತ್ರ ಎಲ್ಲರಂತೆ ಕಟ್ಟಬೇಕು.

ಪ್ರಸಾದ: ಮತ್ತೆ ಧಾರವಾಡ? ದಾರಿಯಲ್ಲಿ ನಿಂತುಬಿಟ್ಟರೆ?

ನಾನು: 420 ಕಿ.ಮೀ. ಆಗುತ್ತದೆ. ಆ 45 ಯೂನಿಟ್ ಕಾರಿಗೆ ಒಂದು ಚಾರ್ಜಿಗೆ ಕಾಗದದ ಮೇಲೆ 489 ಕಿ.ಮೀ. ಇದೆ, ಹೆದ್ದಾರಿಯಲ್ಲಿ ಎಸಿ ಹಾಕಿ 280 ಅಂತ ಹಿಡಿ. ಕೊಲ್ಹಾಪುರದಲ್ಲಿ ಊಟದ ಹೊತ್ತಿಗೆ ಚಾರ್ಜ್‌ಗೆ ಹಾಕಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಘಾಟ್ ಹತ್ತುವಾಗ ಜಾಸ್ತಿ ತಿನ್ನುತ್ತದೆ, ಇಳಿಯುವಾಗ ಸ್ವಲ್ಪ ವಾಪಸ್ ತುಂಬುತ್ತದೆ. ದೀಪಾವಳಿಯ ಹಿಂದಿನ ದಿನ ಚಾರ್ಜರ್ ಮುಂದೆ ಸಾಲು ಇರುತ್ತದೆ, ಅದಕ್ಕೆ ತಯಾರಿರಬೇಕು. ವರ್ಷಕ್ಕೆ ಮೂರ್ನಾಲ್ಕು ಸಲದ ಕಷ್ಟಕ್ಕಾಗಿ ದಿನನಿತ್ಯದ ಕಾರನ್ನು ಬೇಡ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಸುಮಾ: ನನಗೆ ಇನ್ನೊಂದು ಚಿಂತೆ ಇದೆ, ಅದನ್ನು ಯಾವ ವಿಡಿಯೋದಲ್ಲೂ ಹೇಳುವುದಿಲ್ಲ. ಅತ್ತೆಯವರ ಗಾಲಿಕುರ್ಚಿ. ಮಡಚಿ, ಕಾಲಿಡುವ ಪಟ್ಟಿ ಎರಡನ್ನೂ ಬಿಚ್ಚಿದರೂ ಹಿಂದಿನ ದೊಡ್ಡ ಚಕ್ರ ಇರುತ್ತದಲ್ಲ, ಅದು ಡಿಕ್ಕಿಯ ಅಂಚಿಗೆ ತಾಕುತ್ತದೆ. ನಿನ್ನೆ ಹೈಬ್ರಿಡ್ ನೋಡಲು ಹೋಗಿದ್ದೆವು. ಬ್ಯಾಟರಿ ಡಿಕ್ಕಿಯ ಕೆಳಗಿದೆ, ತಳ ಎತ್ತರ. ಕುರ್ಚಿ ಹೋಯಿತು, ಸೂಟ್‌ಕೇಸಿಗೆ ಜಾಗ ಉಳಿಯಲಿಲ್ಲ.

ಇಂದಿರಾ ಅತ್ಯಾ: ಅವರನ್ನು ಕರೆದುಕೊಂಡು ಹೋಗಿದ್ದೆಯಾ?

ಸುಮಾ: ಇಲ್ಲ ಅತ್ಯಾ.

ಇಂದಿರಾ ಅತ್ಯಾ: ಅದೇ ತಪ್ಪು. ನನ್ನ ಮೊಣಕಾಲು ಕೇಳು, ಹೇಳುತ್ತದೆ. ಸೀಟು ತೀರಾ ತಗ್ಗಿದ್ದರೆ ಏಳಲಾಗುವುದಿಲ್ಲ, ತೀರಾ ಎತ್ತರ ಇದ್ದರೆ ಹತ್ತಲಾಗುವುದಿಲ್ಲ. ಎರಡೂ ಕಾರಿನಲ್ಲಿ ಅವರನ್ನು ಕೂರಿಸಿ, ಇಳಿಸಿ ನೋಡು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ ನೋಡು. ಅವರು ಹೂಂ ಅಂದ ಮೇಲೆ ಮುಂದಿನ ಮಾತು.

ಆ ದಿನ ಗುಂಪಿನಲ್ಲಿ ಬಂದ ಒಳ್ಳೆಯ ಸಲಹೆಗಳಲ್ಲಿ ಇದೊಂದು ಅಂತ ನಾನು ಈಗಲೂ ಹೇಳುತ್ತೇನೆ. ಇನ್ನೊಂದು ಕಾಕಾನಿಂದ ಬಂತು. ಕಾಕಾ ಕರೆಂಟ್ ಇಲಾಖೆಯಲ್ಲೇ ದುಡಿದು ನಿವೃತ್ತರಾದವರು. ಇಷ್ಟು ಹೊತ್ತು ಯಾರೋ ಬರೆದದ್ದನ್ನು ಕಳಿಸಿದರೇ ಹೊರತು ತಮ್ಮ ಕೆಲಸದ ಒಂದು ಮಾತನ್ನೂ ಬರೆದಿರಲಿಲ್ಲ. ಅದನ್ನೇ ನಾನು ನೇರವಾಗಿ ಕೇಳಿದೆ.

ನಾನು: ಕಾಕಾ, ವಿನಯನಿಗೆ ಯಾಕೆ ಬೇಡ ಅಂದಿರಿ? ಬೆಂಕಿಯ ವಿಡಿಯೋ ಬಿಡಿ. ನಿಮ್ಮ ಕಣ್ಣಿಗೆ ಏನು ಕಂಡಿತು?

ರಘು ಕಾಕಾ: ನಮ್ಮ ಮೀಟರ್ ರೂಮ್ ಯಾರಾದರೂ ತೆರೆದು ನೋಡಿದ್ದೀರಾ? ಕಟ್ಟಡ ಕಟ್ಟಿದಾಗಿನ ವೈರು. ಆಗ ಒಂದು ಮನೆಗೆ ಎರಡು ಫ್ಯಾನು, ಒಂದು ಫ್ರಿಜ್. ಈಗ ಪ್ರತಿ ಮನೆಯಲ್ಲೂ ಎಸಿ. ಗೀಸರ್ ಅಷ್ಟೇ ಕರೆಂಟು ಎಳೆದರೂ ಅರ್ಧ ಗಂಟೆಗೆ ಆಫ್ ಆಗುತ್ತದೆ. ಕಾರು ಖಾಲಿಯಾಗಿ ಬಂದ ದಿನ ರಾತ್ರಿಯಿಡೀ ಒಂದೇ ಸಮ ಎಳೆಯುತ್ತದೆ. ಎಲ್ಲೋ ಒಂದು ಸ್ಕ್ರೂ ಸಡಿಲ ಇದ್ದರೆ ಅಲ್ಲೇ ಕಾದು ಕರಗುತ್ತದೆ. ಕಾರಿನ ಬ್ಯಾಟರಿಗಿಂತ ನನಗೆ ಭಯ ಆ ಗೋಡೆಯ ಪ್ಲಗ್ಗಿನದು.

ವಿನಯ: ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಕಾಕಾ. ನಾನೇ ದುಡ್ಡು ಹಾಕಿ ಬೇರೆ ವೈರ್ ಎಳೆಸುತ್ತಿದ್ದೆ.

ರಘು ಕಾಕಾ: ನೀನು ಅರ್ಜಿ ಕೊಟ್ಟದ್ದು ಸೆಕ್ರೆಟರಿಗೆ. ನನ್ನ ಮನೆಗೆ ಬಂದು ಕೇಳಿದ್ದರೆ ಹೇಳುತ್ತಿದ್ದೆ.

ವಿನಯ: ಸರಿ. ಈಗ ಕೇಳುತ್ತಿದ್ದೇನೆ. ಏನು ಮಾಡಬೇಕು?

ರಘು ಕಾಕಾ: ಸುಮಾಗೂ ಸೇರಿಸಿ ಹೇಳುತ್ತೇನೆ. ಮಾಮೂಲಿ ಸ್ವಿಚ್ ಬೋರ್ಡಿನಿಂದ ಎಕ್ಸ್‌ಟೆನ್ಷನ್ ವೈರ್ ಎಳೆಯಲೇಬೇಡಿ. ನಿಮ್ಮ ಮೀಟರಿನಿಂದ ಪಾರ್ಕಿಂಗ್ ತನಕ ಬೇರೆಯೇ ತಾಮ್ರದ ವೈರು, ಪೈಪಿನೊಳಗೆ. ಅದಕ್ಕೆ ಪ್ರತ್ಯೇಕ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟು ಕಡಿಯುವ ಸ್ವಿಚ್ಚು), ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವುದು). ಅರ್ಥಿಂಗ್ ಅಳೆದು ನೋಡಬೇಕು, ಹಸಿರು ವೈರ್ ಇದೆ ಅಂತ ಬಿಡಬಾರದು. ವಿನಯನ ಅರ್ಜಿ ಮುಂದಿನ ಮೀಟಿಂಗಿಗೆ ನಾನೇ ಇಡುತ್ತೇನೆ. ಸುಮಾ, ನಿಮ್ಮ ಸೆಕ್ರೆಟರಿಗೆ ಎರಡು ಕೇಳು. ಒಂದು ಜಾಗ ನಿನಗೆ ಗೊತ್ತುಮಾಡಿ ಬರೆದುಕೊಡುತ್ತಾರಾ? ಇಲ್ಲವಾದರೆ ಸೊಸೈಟಿಯದೇ ಒಂದು ಚಾರ್ಜರ್ ಹಾಕಿ ಯೂನಿಟ್ ಲೆಕ್ಕದಲ್ಲಿ ದುಡ್ಡು ತಗೋತಾರಾ?

ಸುಮಾ: ಎರಡಕ್ಕೂ ಇಲ್ಲ ಅಂದರೆ?

ರಘು ಕಾಕಾ: ಹೈಬ್ರಿಡ್ ತಗೋ.

ವಿನಯ: ಇದಕ್ಕೆ ನನ್ನದೂ ಒಪ್ಪಿಗೆ. ಪ್ಲಗ್ ಇಲ್ಲದೆ ಎಲೆಕ್ಟ್ರಿಕ್ ತಗೊಂಡು ದಿನಾ ಚಾರ್ಜರ್ ಹುಡುಕುವುದು ಬೇಡ. ಸಣ್ಣ ಸೂಟ್‌ಕೇಸ್ ಇಟ್ಟುಕೊಂಡರಾಯಿತು.

ಪ್ರಸಾದ: ನನಗೆ ಯಾರಾದರೂ ಪದ್ಮಿನಿಯ ಫೋಟೋ ಕಳಿಸುತ್ತೀರಾ? ಅಜ್ಜ ಬಾನೆಟ್ ಮೇಲೆ ಕೈ ಇಟ್ಟು ನಿಂತದ್ದು.

ರಘು ಕಾಕಾ: ಹುಡುಕುತ್ತೇನೆ. ಸುಮಾ, ಕರೆಂಟ್ ಬಿಲ್ ತೆಗೆದು ಅದರಲ್ಲಿ ಮಂಜೂರಾದ ಲೋಡ್, ಅಂದರೆ ಮನೆ ಒಂದೇ ಹೊತ್ತಿಗೆ ಎಳೆಯಬಹುದಾದ ಕರೆಂಟು, ಎಷ್ಟು ಅಂತ ನೋಡಿ ಹೇಳು.

ಸುಮಾ: 3 ಕಿಲೋವ್ಯಾಟ್ ಅಂತಿದೆ.

ರಘು ಕಾಕಾ: ಕಾರೊಂದೇ ಅಷ್ಟು ತಿನ್ನುತ್ತದೆ. ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಹಾಕಬೇಕು. ಶನಿವಾರ ಹತ್ತು ಗಂಟೆಗೆ ಬರುತ್ತೇನೆ, ಮೀಟರ್ ರೂಮಿನ ಕೀಲಿ ತರಿಸಿಡು. ವಿನಯ, ಸಾಮಾನು ಇರುತ್ತದೆ, ನೀನೂ ಬಾ.

ವಿನಯ: ಒಂಬತ್ತೂವರೆಗೆ ಕೆಳಗೆ ಇರುತ್ತೇನೆ ಕಾಕಾ.