ಘಾನಾದ ಗೆಳೆಯನ ಬಿಪಿ: ಊಟದಿಂದ ಬಂದದ್ದಾ, ವಂಶದಿಂದಾ?

ಕುಮಾಸಿ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ನಾನು ಮಧುಗಿರಿ ಕಡೆಯವನು. ಆರು ವರ್ಷದಿಂದ ಘಾನಾದ ಕುಮಾಸಿಯಲ್ಲಿ ಒಂದು ಮರದ ಡಿಪೋದಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ನಮ್ಮ ಲಾರಿ ಡ್ರೈವರ್ ಇಲ್ಲಿನ ಅಶಾಂತಿ ಜನದವನು, ವಯಸ್ಸು 43. ತೆಳ್ಳಗಿದ್ದಾನೆ, ಕುಡಿಯುವುದಿಲ್ಲ. ಹೋದ ತಿಂಗಳು ಲಾರಿಯಿಂದ ಇಳಿದವನೇ ತಲೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಬಿಪಿ 190/110. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ, ಕಿಡ್ನಿಗೂ ಪೆಟ್ಟು ಬಿದ್ದಿದೆ ಅಂದರು.

ದಿನಾ ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೆ ಉಣ್ಣುತ್ತೇವೆ. ಫುಫು ನಮ್ಮ ಮುದ್ದೆಯ ಹಾಗೇ, ಅಗಿಯುವ ಹಾಗಿಲ್ಲ, ನುಂಗಬೇಕು. ಮೊದಲ ದಿನ ನಾನು ಸಲೀಸಾಗಿ ನುಂಗಿದ್ದು ನೋಡಿ ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಜೊತೆಗಿನ ಸಾರಿಗೆ ಉಪ್ಪು ಹಾಕಿ ಒಣಗಿಸಿದ ಮೀನು, ಸಾಲದ್ದಕ್ಕೆ ಎರಡು ಮೂರು ಸೂಪ್ ಕ್ಯೂಬ್. ನಾನೂ ಅದನ್ನೇ ತಿನ್ನುತ್ತೇನೆ, ನನ್ನ ಬಿಪಿ ಸರಿಯಿದೆ. ಅವನ ಅಣ್ಣ ಹಳ್ಳಿಯಲ್ಲಿ ಕೋಕೋ ಬೆಳೆಯುತ್ತಾರೆ. 55 ದಾಟಿದೆ, ಗಟ್ಟಿಮುಟ್ಟಾಗಿದ್ದಾರೆ. ಆಫೀಸಿನಲ್ಲಿ 'ಆಫ್ರಿಕಾದವರ ರಕ್ತವೇ ಹಾಗೆ' ಅನ್ನುತ್ತಾರೆ. ನನಗೆ ಆ ಮಾತು ಹಿಡಿಸಲಿಲ್ಲ. ತಿಳಿದವರು ಹೇಳಿ.

ಪುತ್ತೂರು ಲ್ಯಾಬ್ ಅಕ್ಕ

ಹಿಡಿಸದೇ ಇದ್ದದ್ದು ಸರಿಯೇ ಇದೆ ತಮ್ಮಾ. ನಾನು 11 ವರ್ಷ ಉಗಾಂಡಾದ ಕಂಪಾಲಾದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ. 'ಆಫ್ರಿಕಾದವರ ರಕ್ತ' ಅಂತ ಒಂದು ರಕ್ತ ಇಲ್ಲ. ಮನುಷ್ಯ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳಿದ ನೆಲ ಅದು. ಜೀನ್‌ಗಳ ವೈವಿಧ್ಯ ಲೋಕದಲ್ಲೇ ಅಲ್ಲಿ ಜಾಸ್ತಿ.

ನಿಮ್ಮ ಗೆಳೆಯನ ಕಿಡ್ನಿ ವಿಷಯ ಓದಿದಾಗ ನನಗೆ ನೆನಪಾದದ್ದು ಎಪಿಒಎಲ್1 ಎಂಬ ಜೀನ್. ಟ್ಸೆಟ್ಸೆ ನೊಣ ಕಚ್ಚಿ ನಿದ್ರೆ ಕಾಯಿಲೆ ಬರುತ್ತದಲ್ವಾ? ಅದರ ರೋಗಾಣುವನ್ನು ಕೊಲ್ಲುವ ಪ್ರೋಟೀನ್ ಈ ಜೀನ್‌ನದ್ದು. ಇದರ ಜಿ1, ಜಿ2 ಎಂಬ ಬದಲಾದ ರೂಪಗಳು ಆ ಕಾಯಿಲೆಯ ವಿರುದ್ಧ ಜನರಿಗೆ ಆಸರೆಯಾದವು, ಹಾಗಾಗಿ ಪಶ್ಚಿಮ ಆಫ್ರಿಕಾದಲ್ಲಿ ಚೆನ್ನಾಗಿ ಹರಡಿದವು. ಆದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದರೆ ಕಿಡ್ನಿ ಕೆಡುವ ಅಪಾಯ ಹೆಚ್ಚು. ಇದು ಗೊತ್ತಾಗಿದ್ದೇ 2010ರಲ್ಲಿ. ಇಥಿಯೋಪಿಯಾದವರಲ್ಲಿ ಇವು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹೀಗೆ ಇಬ್ಬರಿಂದಲೂ ಬಂದವರಿಗೆಲ್ಲ ಕಿಡ್ನಿ ಕಾಯಿಲೆ ಬರುವುದಿಲ್ಲ ಎನ್ನುವುದೂ ನೆನಪಿರಲಿ. ಕಿಡ್ನಿ ಕೆಟ್ಟರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಕಿಡ್ನಿ ಇನ್ನಷ್ಟು ಕೆಡುತ್ತದೆ. ಅವನಲ್ಲಿ ಯಾವುದು ಮೊದಲಾಯಿತು ಅಂತ ಅವನನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು.

ಇನ್ನೊಂದು, ನನ್ನ ಕೈಯಲ್ಲೇ ಆದದ್ದು. ಕಂಪಾಲಾದಲ್ಲಿ ಒಬ್ಬ ಮೇಷ್ಟ್ರು ಬಂದಿದ್ದರು. ಖಾಲಿ ಹೊಟ್ಟೆಯ ಶುಗರ್ 168. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾತ್ರ 5.6, ಅಂದರೆ ನಾರ್ಮಲ್. ಮಷೀನ್ ಕೆಟ್ಟಿದೆ ಅಂದುಕೊಂಡು ಅದೇ ರಕ್ತ ಮತ್ತೆ ಹಾಕಿದೆ. ಅದೇ ಬಂತು. ಆಮೇಲೆ ಗೊತ್ತಾಯಿತು, ಅವರಿಗೆ ಜಿ6ಪಿಡಿ ಕೊರತೆ, ಅಂದರೆ ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ. ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಕೊಡುವ ಗುಣ ಅದು. ಆದರೆ 120 ದಿನ ಬಾಳಬೇಕಾದ ಕೆಂಪು ರಕ್ತಕಣ ಬೇಗ ಸಾಯುತ್ತದೆ, ಸಕ್ಕರೆ ಅಂಟಿಕೊಳ್ಳಲು ಅದಕ್ಕೆ ಟೈಮೇ ಸಿಗುವುದಿಲ್ಲ. ರಕ್ತಕಣವನ್ನು ಕುಡುಗೋಲಿನ ಹಾಗೆ ಬಾಗಿಸುವ ಸಿಕಲ್ ಸೆಲ್ ಜೀನ್ ಒಂದೇ ಒಂದು ಇದ್ದವರಲ್ಲೂ ಈ ಟೆಸ್ಟ್ ಕಡಿಮೆ ತೋರಿಸುತ್ತದೆ. ನಿಮ್ಮ ಗೆಳೆಯನಿಗೆ ಶುಗರ್ ನೋಡಿಸುವಾಗ ಖಾಲಿ ಹೊಟ್ಟೆಯದ್ದನ್ನೂ ತಪ್ಪದೆ ಮಾಡಿಸಿ.

ಕ್ರಾಯ್ಡನ್ ಸಿಸ್ಟರ್

ಅಕ್ಕ ಹೇಳಿದ್ದು ಸರಿ, ಆದರೆ ಊರು ಬದಲಾದರೆ ಏನಾಗುತ್ತದೆ ಅಂತಲೂ ನೋಡಬೇಕು. ನಾನು ಲಂಡನ್ನಿನಲ್ಲಿ ನರ್ಸ್, ಘಾನಾದವರು ನಮ್ಮಲ್ಲಿಗೆ ತುಂಬಾ ಜನ ಬರುತ್ತಾರೆ. 2016ರಲ್ಲಿ ಬಂದ ರೊಡಾಮ್ ಅಧ್ಯಯನ ಘಾನಾದವರನ್ನೇ ಅಲ್ಲಿನ ಹಳ್ಳಿ, ಅಲ್ಲಿನ ನಗರ, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಲಂಡನ್ ಹೀಗೆ ಐದು ಕಡೆ ಪರೀಕ್ಷಿಸಿತು. ನಗರದವರಲ್ಲಿ ನಿಮ್ಮ ಕುಮಾಸಿಯವರೂ ಇದ್ದರು. ಗಂಡಸರಲ್ಲಿ ಬೊಜ್ಜು ಹಳ್ಳಿಯಲ್ಲಿ ನೂರಕ್ಕೆ 1.3, ನಗರದಲ್ಲಿ 6.9, ಲಂಡನ್ನಿನಲ್ಲಿ 21.4. ಹೆಂಗಸರಲ್ಲಿ ಹಳ್ಳಿಯಲ್ಲಿ 8.3 ಇದ್ದದ್ದು ಘಾನಾದ ನಗರದಲ್ಲೇ 33.9. ಹಳ್ಳಿಯಿಂದ ಪೇಟೆಗೆ ಬಂದ ಮಾತ್ರಕ್ಕೆ ಜೀನ್ ಬದಲಾಗುವುದಿಲ್ಲ ಅಲ್ವಾ?

ನನ್ನ ಹತ್ತಿರ ಬರುವ ಒಬ್ಬಾಕೆ ರಾತ್ರಿ ಪಾಳಿಯಲ್ಲಿ ಆಫೀಸು ಗುಡಿಸುತ್ತಾಳೆ. ಊಟ ಬೆಳಗಿನ ಜಾವ 3 ಗಂಟೆಗೆ, ಬಸ್ ಸ್ಟಾಪಿನಲ್ಲಿ, ಕರಿದ ಕೋಳಿ. ಊರಲ್ಲಿದ್ದಾಗ ಹೊಲಕ್ಕೆ ನಡೆದೇ ಹೋಗುತ್ತಿದ್ದಳಂತೆ. ಆಕೆಗೆ 'ಕಡಿಮೆ ತಿನ್ನಿ' ಅಂತ ಸುಮ್ನೆ ಹೇಳಿ ಕಳಿಸಲು ನನಗೆ ಮನಸ್ಸು ಬರುವುದಿಲ್ಲ.

ಮಾತ್ರೆ ಬಗ್ಗೆ ಒಂದು ಮಾತು. ಆಫ್ರಿಕಾದ ಆರು ದೇಶಗಳಲ್ಲಿ ನಡೆದ ಕ್ರಿಯೋಲ್ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ರಕ್ತನಾಳ ಸಡಿಲಿಸುವ ಅಮ್ಲೋಡಿಪಿನ್ ಸೇರಿದ ಜೋಡಿ ಮಾತ್ರೆಗಳು, ಅದಿಲ್ಲದ ಜೋಡಿಗಿಂತ ಬಿಪಿಯನ್ನು ಹೆಚ್ಚು ಇಳಿಸಿದವು. ಆದರೆ ಮೂತ್ರದಲ್ಲಿ ಪ್ರೋಟೀನ್ ಇದ್ದಾಗ ಲೆಕ್ಕವೇ ಬೇರೆ, ಅದನ್ನು ಡಾಕ್ಟರಿಗೇ ಬಿಡಿ. ಬಿಪಿ ಇಳಿಯಿತು ಅಂತ ಅವನು ಮಾತ್ರೆ ನಿಲ್ಲಿಸದ ಹಾಗೆ ನೋಡಿಕೊಳ್ಳಿ. ಒಡಹುಟ್ಟಿದವರ ಬಿಪಿ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿ.

ಕುಮಾಸಿ ಕನ್ನಡಿಗ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅವನಿಗೆ ಕೂತು ಹೇಳಿದೆ. ಅವನ ಹೆಂಡತಿ ಈಗ ಮೀನನ್ನು ರಾತ್ರಿಯೆಲ್ಲ ನೆನೆಹಾಕಿ, ನೀರು ಚೆಲ್ಲಿ ಬೇಯಿಸುತ್ತಾರೆ. ಕ್ಯೂಬ್ ಬದಲು ಶುಂಠಿ, ಈರುಳ್ಳಿ ಜಾಸ್ತಿ. ಅಣ್ಣ ಗಟ್ಟಿಮುಟ್ಟಾಗಿದ್ದಾರೆ ಅಂತ ಬರೆದಿದ್ದೆನಲ್ಲಾ, ಕೇಳಿದರೆ ಅವರ ಬಿಪಿ ಇದುವರೆಗೆ ಯಾರೂ ನೋಡಿಯೇ ಇಲ್ಲವಂತೆ. ಭಾನುವಾರ ಮಷೀನ್ ತೆಗೆದುಕೊಂಡು ಹಳ್ಳಿಗೆ ಹೊರಟಿದ್ದೇವೆ.