ಅಮೆರಿಕದ ಹೈಸ್ಕೂಲ್ ಕುಸ್ತಿ: ಮಗನನ್ನು ಸೇರಿಸಬಹುದೇ, ತೂಕ ಇಳಿಸಲು ಬಿಡಬಹುದೇ?

ಪ್ರಶ್ನೆ: ಒಹಾಯೋದಿಂದ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗ ಈ ಚಳಿಗಾಲದಲ್ಲಿ ಶಾಲೆಯ ಕುಸ್ತಿ ತಂಡಕ್ಕೆ ಸೇರಲೇಬೇಕೆಂದು ಹಟ ಹಿಡಿದಿದ್ದಾನೆ. ಎತ್ತರ ಸಾಲದೆಂದು ಬ್ಯಾಸ್ಕೆಟ್‌ಬಾಲ್ ಆಯ್ಕೆಯಿಂದ ಹಿಂದಿರುಗಿದ ಹುಡುಗನಿಗೆ, ತನ್ನಷ್ಟೇ ತೂಕದವನೊಡನೆ ಸೆಣಸುವ ಆಟ ಒಂದಿದೆ ಎಂಬ ಮಾತು ಬಹಳ ಹಿಡಿಸಿದೆ. ಇಷ್ಟೇ ಆಗಿದ್ದರೆ ನಾನು ಸಂತೋಷದಿಂದ ಒಪ್ಪುತ್ತಿದ್ದೆ.

ಅವನ ತೂಕ 128 ಪೌಂಡ್, ಅಂದರೆ ಸುಮಾರು 58 ಕಿಲೋ. 126 ಮತ್ತು 132 ಪೌಂಡಿನ ವರ್ಗಗಳಲ್ಲಿ ಈಗಾಗಲೇ ಹಿರಿಯ ಹುಡುಗರಿದ್ದಾರೆ, 120ರ ಸ್ಥಾನ ಖಾಲಿ ಇದೆ, ಅಲ್ಲಿಗೆ ಇಳಿದರೆ ಮೊದಲ ವರ್ಷವೇ ಮುಖ್ಯ ತಂಡದಲ್ಲಿ ಆಡಬಹುದು ಎಂದು ತರಬೇತುದಾರರು ಹೇಳಿದರಂತೆ. ಕಳೆದ ಮಂಗಳವಾರ ರಾತ್ರಿ ಮಗ ತಟ್ಟೆಯ ಅನ್ನವನ್ನು ಬದಿಗೆ ಸರಿಸಿ, ಹುಳಿಯ ಹೋಳುಗಳನ್ನಷ್ಟೇ ಆರಿಸಿ ತಿಂದು ಎದ್ದುಹೋದ. ಮರುದಿನ ನೋಡಿದರೆ ಗ್ಯಾರೇಜಿನಲ್ಲಿ ಎರಡು ಸ್ವೆಟರುಗಳ ಮೇಲೊಂದು ಮಳೆಯಂಗಿ ತೊಟ್ಟು ಹಗ್ಗ ಜಿಗಿಯುತ್ತಿದ್ದ. ಕೇಳಿದರೆ, ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದ. ನಮ್ಮದು ಸಸ್ಯಾಹಾರಿ ಮನೆ. ಈ ಆಟದಲ್ಲಿ ಮಕ್ಕಳನ್ನು ಇಷ್ಟು ಸೆಳೆಯುವಂಥದ್ದು ಏನಿದೆ, ನಾನು ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಒಪ್ಪಬಾರದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಐಯೋವಾದಿಂದ, ಇಬ್ಬರು ಕುಸ್ತಿಪಟುಗಳ ತಂದೆ

ಮೇಡಂ, ನನ್ನ ಇಬ್ಬರು ಗಂಡುಮಕ್ಕಳೂ ನಾಲ್ಕು ನಾಲ್ಕು ವರ್ಷ ಹೈಸ್ಕೂಲ್ ಕುಸ್ತಿ ಆಡಿದ್ದಾರೆ. ಸೇರಿಸಿ ಎಂದೇ ನನ್ನ ಸಲಹೆ. ಆದರೆ ಆ 120ರ ಮಾತಿಗೆ ಮಾತ್ರ ಒಪ್ಪಬೇಡಿ.

ತರಬೇತುದಾರರು ಹಾಗೆ ಹೇಳುವುದಕ್ಕೆ ಕಾರಣವಿದೆ. ಎರಡು ಶಾಲೆಗಳ ನಡುವಿನ ಪಂದ್ಯದಲ್ಲಿ ಪ್ರತಿ ತೂಕಕ್ಕೆ ಒಬ್ಬೊಬ್ಬನೇ ಇಳಿಯುತ್ತಾನೆ. ಎದುರಾಳಿಯನ್ನು ಚಿತ್ ಮಾಡಿದರೆ ತಂಡಕ್ಕೆ 6 ಅಂಕ, ಕಡಿಮೆ ಅಂತರದಲ್ಲಿ ಗೆದ್ದರೆ 3 ಅಂಕ. ಒಂದು ತೂಕದಲ್ಲಿ ಆಡುವವರೇ ಇಲ್ಲದಿದ್ದರೆ ಆ 6 ಅಂಕ ಆಟವಿಲ್ಲದೆಯೇ ಎದುರು ತಂಡದ ಪಾಲಾಗುತ್ತದೆ. ಹೀಗಾಗಿ ಖಾಲಿ ಸ್ಥಾನವೊಂದನ್ನು ತುಂಬಿಸಿಕೊಳ್ಳಬೇಕೆಂಬ ಆತುರ ಯಾವ ತರಬೇತುದಾರನಿಗೂ ಇರುತ್ತದೆ. ಆ ಆತುರಕ್ಕೆ ಬೆಳೆಯುವ ಹುಡುಗನ ಊಟವನ್ನು ಒತ್ತೆ ಇಡಬೇಕಾಗಿಲ್ಲ. ನನ್ನ ಹಿರಿಯ ಮಗ ಮೊದಲ ವರ್ಷ ಹೀಗೆಯೇ ಇಳಿದ. ಜನವರಿಯ ಹೊತ್ತಿಗೆ ತರಗತಿಯಲ್ಲಿ ತೂಕಡಿಸುತ್ತಿದ್ದ, ಮನೆಯಲ್ಲಿ ಮಾತೆತ್ತಿದರೆ ಸಿಡುಕುತ್ತಿದ್ದ. ಎರಡನೆಯ ವರ್ಷ ಹೊಟ್ಟೆ ತುಂಬ ಉಂಡು ಎರಡು ವರ್ಗ ಮೇಲೆ ಆಡಿ ಹೆಚ್ಚು ಪಂದ್ಯಗಳನ್ನು ಗೆದ್ದ.

ಸೆಳೆತದ ಮಾತಿಗೆ ಬರುತ್ತೇನೆ. ಹೈಸ್ಕೂಲಿನಲ್ಲಿ ಎರಡೆರಡು ನಿಮಿಷಗಳ ಮೂರು ಸುತ್ತು, ಒಟ್ಟು ಆರೇ ನಿಮಿಷ. ಇಲ್ಲಿಯ ಶಾಲೆ ಕಾಲೇಜುಗಳ ಕುಸ್ತಿ ಒಲಿಂಪಿಕ್ಸ್ ಕುಸ್ತಿಗಿಂತ ಬೇರೆ. ಎದುರಾಳಿಯನ್ನು ಕೆಳಗೆ ಕೆಡವಿದರೆ ಸಾಲದು, ಅವನನ್ನು ಅಲ್ಲಿಯೇ ಅದುಮಿ ಹಿಡಿಯಬೇಕು; ಕೆಳಗಿರುವವನು ಬಿಡಿಸಿಕೊಂಡು ಎದ್ದರೆ ಅವನಿಗೊಂದು ಅಂಕ, ಹೊರಳಿ ಮೇಲೆ ಬಂದರೆ ಎರಡು. ಇನ್ನೊಬ್ಬನ ಇಡೀ ಭಾರ ಬೆನ್ನ ಮೇಲಿರುವಾಗ, ಎರಡೂ ಅಂಗೈಗಳನ್ನು ಚಾಪೆಗೆ ಊರಿ, ಒಂದು ಮೊಣಕಾಲೆತ್ತಿ, ತಲೆ ಬಗ್ಗಿಸದೆ ಮೇಲೇಳುವುದನ್ನು ನನ್ನ ಕಿರಿಯ ಮಗ ಒಂದು ಇಡೀ ತಿಂಗಳು ಕಲಿತ. ಅವನು ಮೊದಲ ಬಾರಿ ಹಾಗೆ ಎದ್ದು ನಿಂತಾಗ ಸ್ಕೋರಿನಲ್ಲಿ ಒಂಬತ್ತು ಅಂಕ ಹಿಂದಿದ್ದ. ಆದರೂ ತಂಡದ ಹುಡುಗರೆಲ್ಲ ಎದ್ದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಡ್ಯಾನ್ ಗೇಬಲ್ ಅವರ ಹೆಸರನ್ನು ಕೇಳದ ಕುಸ್ತಿಯ ಮನೆ ಐಯೋವಾದಲ್ಲಿ ಇಲ್ಲ. ಹೈಸ್ಕೂಲು ಮತ್ತು ಕಾಲೇಜು ಸೇರಿ 181 ಪಂದ್ಯಗಳನ್ನು ಸತತವಾಗಿ ಗೆದ್ದ ಅವರು 1970ರಲ್ಲಿ ಕಾಲೇಜಿನ ಕಟ್ಟಕಡೆಯ ಪಂದ್ಯವನ್ನು ಲ್ಯಾರಿ ಓವಿಂಗ್ಸ್ ಎದುರು ಸೋತರು. ಎರಡು ವರ್ಷಗಳ ನಂತರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದರು. ಇಲ್ಲಿನ ಮಕ್ಕಳಿಗೆ ಆ 181 ಗೆಲುವುಗಳಿಗಿಂತ ಆ ಒಂದು ಸೋಲಿನ ಕಥೆಯೇ ಹೆಚ್ಚು ಇಷ್ಟ.

ಇನ್ನೊಂದು ಮಾತು: ಶನಿವಾರದ ಟೂರ್ನಮೆಂಟುಗಳಿಗೆ ಸಿದ್ಧರಾಗಿ. ಬೆಳಗಿನ ಕತ್ತಲಲ್ಲಿ ಮನೆ ಬಿಟ್ಟರೆ ಸಂಜೆಯವರೆಗೂ ಜಿಮ್‌ನ ಮರದ ಬೆಂಚಿನ ಮೇಲೆಯೇ ಇರಬೇಕು. ಚಿತ್ರಾನ್ನದ ಡಬ್ಬಿ, ಬಾಳೆಹಣ್ಣು, ಒಂದು ದಿಂಬು ಜೊತೆಗಿರಲಿ.

ಉತ್ತರ 2: ನ್ಯೂಜೆರ್ಸಿಯಿಂದ, ಮಕ್ಕಳ ವೈದ್ಯೆ

ಆ ಮಳೆಯಂಗಿಯನ್ನು ಇಂದೇ ಎತ್ತಿಡಿ. ಇದನ್ನು ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣವಿದೆ. 1997ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ, ಸುಮಾರು ಐದು ವಾರಗಳೊಳಗೆ, ಮೂರು ಬೇರೆ ಬೇರೆ ವಿಶ್ವವಿದ್ಯಾಲಯಗಳ ಮೂವರು ಕುಸ್ತಿಪಟುಗಳು ತೂಕ ಇಳಿಸುವ ಪ್ರಯತ್ನದಲ್ಲಿ ಪ್ರಾಣ ಕಳೆದುಕೊಂಡರು. ಗಾಳಿಯಾಡದ ಉಡುಪು ತೊಟ್ಟು, ಬಿಸಿ ವಾತಾವರಣದಲ್ಲಿ ಬೆವರು ಹರಿಸುತ್ತ, ಬಾಯಾರಿದರೂ ನೀರು ಕುಡಿಯದೆ ವ್ಯಾಯಾಮ ಮಾಡಿದರೆ ದೇಹದ ಉಷ್ಣ ಹೊರಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ರಕ್ತ ಗಟ್ಟಿಯಾಗುತ್ತದೆ, ಹೃದಯ ಮತ್ತು ಮೂತ್ರಪಿಂಡಗಳು ಸೋಲುತ್ತವೆ. ಆ ಸಾವುಗಳ ನಂತರ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ರಬ್ಬರ್ ಉಡುಪನ್ನೂ ಸೌನಾವನ್ನೂ ನಿಷೇಧಿಸಿ, ತೂಕ ನೋಡುವ ಸಮಯವನ್ನು ಪಂದ್ಯದ ಹತ್ತಿರಕ್ಕೆ ತಂದಿತು.

ಹೈಸ್ಕೂಲುಗಳಿಗೂ ಈಗ ನಿಯಮವಿದೆ. ಋತುವಿನ ಆರಂಭದಲ್ಲಿ ಮೊದಲು ಮೂತ್ರ ಪರೀಕ್ಷೆಯ ಮೂಲಕ ಮೈಯಲ್ಲಿ ನೀರಿನ ಅಂಶ ಸಾಕಷ್ಟಿದೆಯೇ ಎಂದು ನೋಡುತ್ತಾರೆ. ಅದರಲ್ಲಿ ತೇರ್ಗಡೆಯಾದರೆ ಮಾತ್ರ ಕೊಬ್ಬಿನ ಪ್ರಮಾಣವನ್ನು ಅಳೆಯುತ್ತಾರೆ. ಹುಡುಗರ ಕೊಬ್ಬು ಶೇಕಡ 7ಕ್ಕಿಂತ, ಹುಡುಗಿಯರದು ಶೇಕಡ 12ಕ್ಕಿಂತ ಕೆಳಗಿಳಿಯುವ ತೂಕದಲ್ಲಿ ಆಡುವಂತಿಲ್ಲ. ವಾರಕ್ಕೆ ದೇಹತೂಕದ ಶೇಕಡ 1.5ಕ್ಕಿಂತ ಹೆಚ್ಚು ಇಳಿಯುವಂತೆಯೂ ಇಲ್ಲ. ನಿಮ್ಮ ಮಗನ ಮೈಕೊಬ್ಬು ಶೇಕಡ 12 ಇದೆ ಎಂದಿಟ್ಟುಕೊಳ್ಳಿ. 128 ಪೌಂಡಿನಲ್ಲಿ ಕೊಬ್ಬನ್ನು ಕಳೆದರೆ ಉಳಿಯುವುದು ಸುಮಾರು 112.6. ಶೇಕಡ 7ರಷ್ಟು ಕೊಬ್ಬು ಉಳಿಯಲೇಬೇಕಾದ್ದರಿಂದ ಅದನ್ನು 0.93ರಿಂದ ಭಾಗಿಸಿದರೆ ಅವನ ಕನಿಷ್ಠ ತೂಕ 121ರ ಮೇಲೆ ಬರುತ್ತದೆ. ಅಂದರೆ 120ರ ವರ್ಗ ಅವನಿಗೆ ನಿಯಮದ ಪ್ರಕಾರವೇ ಸಿಗುವುದಿಲ್ಲ. ಈ ಅಳತೆ ಮುಗಿಯುವವರೆಗೆ ಒಂದು ತುತ್ತನ್ನೂ ಕಡಿಮೆ ಮಾಡಬಾರದೆಂದು ಮಗನಿಗೂ ತರಬೇತುದಾರರಿಗೂ ತಿಳಿಸಿ. ಸಸ್ಯಾಹಾರದಿಂದ ತೊಂದರೆಯಿಲ್ಲ, ಬೇಳೆ, ಮೊಸರು, ಪನೀರು, ಕಡಲೆಕಾಯಿ ಪ್ರತಿ ಊಟದಲ್ಲಿಯೂ ಧಾರಾಳವಾಗಿರಲಿ.

ಚರ್ಮದ ವಿಷಯವನ್ನು ಪಾಲಕರು ಹಗುರವಾಗಿ ಕಾಣುತ್ತಾರೆ. ಮೈಗೆ ಮೈ ತಾಗುವ ಈ ಆಟದಲ್ಲಿ ಹುಳುಕಡ್ಡಿ ಸಾಮಾನ್ಯ. ಅದಕ್ಕಿಂತ ಚಿಂತೆಯದು ಮುಖ ಮತ್ತು ಕತ್ತಿನ ಮೇಲೆ ನೀರುಗುಳ್ಳೆಗಳಾಗಿ ಏಳುವ ಹರ್ಪಿಸ್; ಒಮ್ಮೆ ಬಂದರೆ ಆ ವೈರಾಣು ದೇಹದಲ್ಲಿಯೇ ಉಳಿಯುತ್ತದೆ. ಅಭ್ಯಾಸ ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ದಿನಾಲೂ ಒಗೆದ ಬಟ್ಟೆ, ಸ್ವಂತ ಟವೆಲು ಇರಲೇಬೇಕು. ಕಿವಿಯ ಕವಚವನ್ನು ಪಂದ್ಯದಲ್ಲಿ ಎಲ್ಲರೂ ತೊಡುತ್ತಾರೆ, ಅಭ್ಯಾಸದಲ್ಲಿ ತೆಗೆದಿಡುತ್ತಾರೆ. ಕಿವಿ ಜಜ್ಜಿ ಒಳಗೆ ರಕ್ತ ತುಂಬಿಕೊಳ್ಳುವುದು ಅಲ್ಲಿಯೇ. ಹಾಗಾದರೆ ಕೂಡಲೇ ವೈದ್ಯರಿಂದ ತೆಗೆಸಿ, ಬಿಟ್ಟರೆ ಅದು ಗಂಟುಗಟ್ಟಿ ಶಾಶ್ವತವಾಗಿ ಉಳಿಯುತ್ತದೆ.

ಉತ್ತರ 3: ಮೈಸೂರಿನಿಂದ, ಹಳೆಯ ಗರಡಿಯ ಒಬ್ಬರು

ಅಮ್ಮಾ, ನಾನು ಅಮೆರಿಕವನ್ನು ನೋಡಿದವನಲ್ಲ, ಮಣ್ಣಿನಲ್ಲಿ ಆಡಿದವನು. ನಮ್ಮಲ್ಲಿ ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವ ದಿನ ಹಿರಿಯರು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ತೂಕ, ವಯಸ್ಸು, ಅನುಭವ ಎಲ್ಲವನ್ನೂ ನೋಡಿ ಜೋಡಿ ಹಾಕುತ್ತಿದ್ದರು. ಹುಡುಗನಿಗೆ ತಕ್ಕ ಜೋಡಿಯನ್ನು ಹುಡುಕುತ್ತಿದ್ದರೇ ಹೊರತು, ಜೋಡಿಗೆ ತಕ್ಕಂತೆ ಹುಡುಗನನ್ನು ಒಣಗಿಸುತ್ತಿರಲಿಲ್ಲ. ನಮ್ಮ ವಸ್ತಾದರು ಸಾಮು ಮುಗಿದ ಮೇಲೆ ನಾವು ಹಾಲು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿರುತ್ತಿದ್ದರು. ನಿಮ್ಮ ಮಗ ಆಡಲಿ, ಉಂಡು ಆಡಲಿ.

ಉತ್ತರ 4: ಪೆನ್ಸಿಲ್ವೇನಿಯಾದಿಂದ, ಕಾಲೇಜು ತಂಡದಲ್ಲಿ ಎರಡು ವರ್ಷ ಇದ್ದವನು

ಮುಂದೆ ಕಾಲೇಜಿನ ವಿದ್ಯಾರ್ಥಿವೇತನ ಸಿಗಬಹುದೆಂಬ ಲೆಕ್ಕದಲ್ಲಿ ಮಾತ್ರ ಸೇರಿಸಬೇಡಿ ಎಂದು ವಿನಂತಿ. ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತವಾದ ಪ್ರಥಮ ವಿಭಾಗದಲ್ಲಿ ಪುರುಷರ ಕುಸ್ತಿ ತಂಡವಿರುವ ಕಾಲೇಜುಗಳು ನೂರೂ ಇಲ್ಲ, ಮತ್ತು ಇತ್ತೀಚಿನವರೆಗೆ ಒಂದು ತಂಡದ ಮೂವತ್ತು ಮಂದಿಗೆ ಹಂಚಲು ಇದ್ದದ್ದು ಒಟ್ಟು 9.9 ಪೂರ್ಣ ವೇತನಗಳಷ್ಟೇ. ತೂಕಕ್ಕೊಬ್ಬರಂತೆ ಆಡುವ ಸ್ಥಾನಗಳು ಹತ್ತೇ. ಪಂದ್ಯ ಏಳು ನಿಮಿಷ. ಮೇಲಿರುವವನು ಎದುರಾಳಿಗಿಂತ ಒಂದು ನಿಮಿಷ ಹೆಚ್ಚು ಕಾಲ ಹಿಡಿತ ಸಾಧಿಸಿದರೆ ಅದಕ್ಕೂ ಒಂದು ಅಂಕವಿರುವುದರಿಂದ, ಕೆಳಗೆ ಸಿಕ್ಕಿಬಿದ್ದವನಿಗೆ ಒಂದೊಂದು ಸೆಕೆಂಡೂ ದುಬಾರಿ. ನನ್ನ ಬಹುಪಾಲು ಸೋಲುಗಳು ಹಾಗೆಯೇ ಆದವು. ಮೊಣಕಾಲಿನ ಗಾಯದಿಂದ ಬಿಡಬೇಕಾಯಿತು. ಇಂದಿಗೂ ಅಭ್ಯಾಸದ ಕೋಣೆಯ ಆ ಬೆವರಿನ ವಾಸನೆ ನೆನಪಾದರೆ ಮರಳಿ ಹೋಗಬೇಕೆನಿಸುತ್ತದೆ.

ಎತ್ತರದ ಕಾರಣಕ್ಕೆ ಮನಸ್ಸು ಮುದುಡಿದ ಹುಡುಗನಿಗೆ ಆಂಥನಿ ರೋಬಲ್ಸ್ ಅವರ ಪಂದ್ಯವನ್ನು ತೋರಿಸಿ. ಒಂದೇ ಕಾಲಿನೊಂದಿಗೆ ಹುಟ್ಟಿದ ಅವರು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 2011ರಲ್ಲಿ 125 ಪೌಂಡಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆದರು. ಚಾಪೆಗೆ ಅಷ್ಟು ಹತ್ತಿರ ಬಗ್ಗಿದ್ದ ಅವರನ್ನು ಕೆಡವಲು ಎದುರಾಳಿಗೆ ಹಿಡಿತವೇ ಸಿಗುತ್ತಿರಲಿಲ್ಲ. ಹೆಣ್ಣುಮಕ್ಕಳಿರುವ ಓದುಗರಿಗೂ ಒಂದು ಮಾತು: 2025ರ ಜನವರಿಯಲ್ಲಿ ಎನ್‌ಸಿಎಎ ಮಹಿಳಾ ಕುಸ್ತಿಯನ್ನೂ ತನ್ನ ಚಾಂಪಿಯನ್‌ಶಿಪ್ ಕ್ರೀಡೆಗಳ ಪಟ್ಟಿಗೆ ಸೇರಿಸಿದೆ.

ಪ್ರಶ್ನೆ ಕೇಳಿದ ತಾಯಿಯಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಅಳತೆಯಾಯಿತು. ಕೊಬ್ಬು ಶೇಕಡ 10, ಕನಿಷ್ಠ ತೂಕ ಸುಮಾರು 124 ಪೌಂಡ್ ಬಂದಿದೆ. ಚೀಟಿಯನ್ನು ನೋಡಿದ ತರಬೇತುದಾರರು 120ರ ಮಾತನ್ನು ಅಲ್ಲಿಗೇ ಬಿಟ್ಟು, ಈ ವರ್ಷ ಕಿರಿಯರ ತಂಡದಲ್ಲಿ 132ರಲ್ಲಿ ಆಡಲಿ ಎಂದರು. ಮಗನಿಗೆ ಬೇಸರವಾಯಿತು, ಕಾರಿನಲ್ಲಿ ಮನೆ ತಲುಪುವವರೆಗೂ ಮಾತಾಡಲಿಲ್ಲ. ರಾತ್ರಿ ಎರಡು ಬಾರಿ ಅನ್ನ ಹಾಕಿಸಿಕೊಂಡು, ಕೊನೆಗೆ ಮೊಸರಿಗೂ ತಟ್ಟೆ ಮುಂದೆ ಚಾಚಿದ. ಸೋಮವಾರದಿಂದ ಅಭ್ಯಾಸ.